ಮೂರನೇ ಮಹಡಿಯ ಕರೆಂಟು

ದೊಡ್ಡ ಕಟ್ಟಡಗಳ ಕರೆಂಟು ಖರ್ಚು ತಗ್ಗಿಸಿಕೊಡುವ ಕಂಪನಿಯಲ್ಲಿ ಸುಗುಣಾಗೆ ಹೊಸ ಕೆಲಸ. ಗಿರಾಕಿಗೆ ಉಳಿತಾಯ ಮಾಡಿ ತೋರಿಸಿದರೆ ಮಾತ್ರ ಕೆಲಸ ಖಾಯಂ. ಮೊದಲ ಗಿರಾಕಿಯನ್ನು ಹುಡುಕಿಕೊಟ್ಟವಳು ಅಮ್ಮನೇ: ತಾನು ಬ್ಲೌಸ್ ಹೊಲಿಯುವ ಸೀರೆ ಅಂಗಡಿಯ ಸಾಹುಕಾರರು.

ಊಟಕ್ಕೆ ಮನೆಗೆ ಬಂದಿದ್ದ ಸುಗುಣಾ, ಮೊಬೈಲಿನಲ್ಲಿ ಅಂಗಡಿಯ ಮೀಟರ್ ನೋಡಿ ಕುಣಿದಾಡುತ್ತಿರುವಾಗಲೇ ಅಮ್ಮ ಒಳಗೆ ಬಂದಳು.

“ಅಮ್ಮಾ, ಬೆಳಗ್ಗೆಯಿಂದ ಕರೆಂಟು ಧಡಾರ್ ಅಂತ ಇಳಿದಿದೆ! ನನ್ನ ಕೆಲಸ ಗಟ್ಟಿಯಾಯ್ತು!” ಎಂದವಳೇ ಹೊಟ್ಟೆ ಮುಂದೆ ಮಾಡಿ, ಮೂಗಿನಿಂದ ಸಾಹುಕಾರರ ದನಿ ತೆಗೆದಳು: “ಏನ್ರೀ ಇಂಜಿನಿಯರಮ್ಮಾ, ನಿಮ್ ಲೆಕ್ಕ ಕೇಳಿದ್ರೆ ಫ್ಯಾನ್ ನಿಂತ್ರೂ ನನ್ ತಲೆ ತಿರುಗುತ್ತೆ!”

ಈ ಅಣಕಕ್ಕೆ ಯಾವಾಗಲೂ ಬಿದ್ದು ಬಿದ್ದು ನಗುವ ಅಮ್ಮ ಇಂದು ತುಟಿಯಂಚಿನಲ್ಲಷ್ಟೇ ನಕ್ಕಳು. ಚೀಲದಿಂದ ತನ್ನ ಕತ್ತರಿ ತೆಗೆದು ಗೂಡಿನಲ್ಲಿಟ್ಟಳು.

“ಖಾಯಂ ಆಗುತ್ತೆ ತಾನೆ?”

“ಆದ ಹಾಗೇ. ಆದ್ರೆ ಅಮ್ಮಾ, ಮಿಷನ್ನುಗಳಿಗೆ ನಾನು ಹೇಳಿದ್ದ ಹೊಸ ಮೋಟಾರುಗಳನ್ನ ಅವರಿನ್ನೂ ಹಾಕಿಸೇ ಇಲ್ವಲ್ಲ. ಹೇಗೆ ಇಳೀತು?”

“ಯಾವ ಮಹಡಿ ಜಾಸ್ತಿ ಕರೆಂಟು ತಿನ್ನುತ್ತೆ ಅಂದಿದ್ದೆ ನೀನು?”

“ಮೂರನೇದು. ನಿಮ್ದೇ. ಆ ಹಳೇ ಹೊಲಿಗೆ ಮಿಷನ್ನು, ಇಸ್ತ್ರಿ ಪೆಟ್ಟಿಗೆ...”

ಅಮ್ಮ ಅವಳ ತಲೆ ಸವರಿದಳು.

“ಸಾಹುಕಾರರು ‘ನಿಮ್ಮ ಮಗಳು ಎಷ್ಟು ಜಾಣೆ’ ಅಂತ ಎಲ್ಲರ ಮುಂದೆ ಹೊಗಳಿದ್ರು ಕಣೇ, ನಮ್ಮ ಮಹಡಿಗೆ ಬೀಗ ಹಾಕಿಸೋವಾಗ.”