ಎದುರುಮನೆಯ ಗಾಳಿ

ಸಾಗರದ ಪೇಟೆಯಲ್ಲಿ ಬೆಳ್ಳಪ್ಪ ಬೆಲ್ಲದ ಅಂಗಡಿಯ ಚೀಲಗಳ ಮರೆಯಲ್ಲಿ ನಿಂತು ಎದುರಿನ ಮಿಷನ್ ಅಂಗಡಿಯನ್ನೇ ನೋಡುತ್ತಿದ್ದ. ಅಲ್ಲಿ ಸೀತಾರಾಮಪ್ಪ ಒಂದು ನೀಲಿ ಕಂಪ್ರೆಸರ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಟ್ಯಾಂಕಿಯ ಅಡಿಗೆ ನೋಡದೆಯೇ ಕೈ ತೂರಿಸಿ ಏನನ್ನೋ ತಿರುಗಿಸಿದ. ಒಂದಿಷ್ಟು ನೀರು ತೊಟ್ಟಿಕ್ಕಿತು. ಹೆಗಲ ಮೇಲಿನ ಟವೆಲ್ ತೆಗೆದು ಮಗುವಿನ ಮೂತಿ ಒರೆಸಿದ ಹಾಗೆ ಒರೆಸಿದ.

ಇವನು ಕೊಳ್ಳಲು ಬಂದದ್ದು ಇದನ್ನೇ ಎಂದುಕೊಂಡು ಬೆಳ್ಳಪ್ಪ ಸೊಂಟದ ದುಡ್ಡಿನ ಗಂಟು ಮುಟ್ಟಿ ನೋಡಿಕೊಂಡ.

ಹೊಸನಗರದಲ್ಲಿ ಇಬ್ಬರ ಮನೆಯೂ ಎದುರುಬದುರು. ಇಬ್ಬರೂ ಮನೆಯ ಪಕ್ಕಕ್ಕೆ ಷೆಡ್ಡು ಇಳಿಸಿ ಟೈರಿನ ಕೆಲಸಕ್ಕೆ ಕೂತವರು. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಡೆಯವರ ಮನೆಯ ಮರಮಟ್ಟು ಹೇರಿಕೊಂಡ ಲಾರಿಗಳು ಹಗಲೆಲ್ಲ ಓಡಾಡುತ್ತಿದ್ದವು. ಅವೆಲ್ಲ ನಿಲ್ಲುತ್ತಿದ್ದುದು ಸೀತಾರಾಮಪ್ಪನ ಬಾಗಿಲಲ್ಲಿ. ಅವನಲ್ಲಿ ಕಂಪ್ರೆಸರ್ ಇತ್ತು. ಬೆಳ್ಳಪ್ಪನಲ್ಲಿ ಕೈಪಂಪು, ಒಂದು ಜೊತೆ ರಟ್ಟೆ.

ಆ ಕಂಪ್ರೆಸರ್ ಒಳಕೋಣೆಯಲ್ಲಿತ್ತು. ಗೋಡೆಯ ತೂತಿನಿಂದ ಕೆಂಪು ರಬ್ಬರ್ ಪೈಪು ಮಾತ್ರ ಹೊರಗೆ ಬರುತ್ತಿತ್ತು. ಸದ್ದು ಮಾತ್ರ ರಸ್ತೆ ದಾಟಿ ಬೆಳ್ಳಪ್ಪನ ಊಟದ ತಟ್ಟೆಯವರೆಗೂ ಬರುತ್ತಿತ್ತು. ಡಗಡಗ ಡಗಡಗ ಎಂದು ಓಡಿ, ನಡುವೆ ಒಮ್ಮೆ ಕ್ಷಿಕ್ ಎಂದು ಬಿಕ್ಕಳಿಸಿ, ಮತ್ತೆ ಡಗಡಗ. ಬೆಳ್ಳಪ್ಪನ ಮಕ್ಕಳು ಹಾಲು ಕುಡಿಯುತ್ತ ಅದನ್ನೇ ಅಣಕಿಸಿ ನಗುತ್ತಿದ್ದವು. ಅವನಿಗೆ ಮಾತ್ರ ಆ ಬಿಕ್ಕಳಿಕೆ ತನ್ನನ್ನೇ ನೋಡಿ ನಕ್ಕಂತೆ ಕೇಳುತ್ತಿತ್ತು.

"ಒಂದ್ಸಲ ಹೋಗಿ ಅವರ ಮಿಷನ್ ನೋಡ್ಕಂಡ್ ಬನ್ನಿ. ಎಂಥದ್ದು ತಗಂಡ್ರೆ ಒಳ್ಳೇದು ಅಂತ ಸೀತಾರಾಮಣ್ಣನೇ ಹೇಳ್ತಾರೆ" ಎಂದಿದ್ದಳು ಹೆಂಡತಿ ಜಲಜಮ್ಮ.

"ಅವನ ಷೆಡ್ಡಿನ ಹೊಸ್ಲು ತುಳಿಯೋದಾ? ನಾನಾ? ಅದಕ್ಕಿಂತ ಇಲ್ಲೇ ಪಂಪ್ ಹೊಡ್ದು ಸಾಯ್ತೀನಿ."

ಈಚೆಗೆ ಆ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಸೀತಾರಾಮಪ್ಪ ಬೆವರು ಸುರಿಸುತ್ತ ಕೈಪಂಪು ಹೊಡೆಯುತ್ತಿದ್ದ.

"ಕೆಟ್ಟಿರ್ಬೇಕು ಪಾಪ" ಎಂದಳು ಜಲಜಮ್ಮ.

"ಕೆಟ್ಟಿದ್ರೆ ಮುಖ ಹಂಗೆ ಹೊಳೀತದೇನೆ? ದೊಡ್ಡದು ತರೋ ಹುನ್ನಾರ ಅದು. ಅವ ತರೋದ್ರೊಳಗೆ ನಾನು ತರ್ತೀನಿ."

ಕರೆಯುವ ಎಮ್ಮೆ ಕೋಣಂದೂರಿನವರ ಪಾಲಾಯಿತು. "ಮಕ್ಳಿಗೆ ಹಾಲು?" ಎಂದು ಜಲಜಮ್ಮ ಒಂದೇ ಮಾತು ಕೇಳಿದಳು. ಆ ದಿನದಿಂದ ಅವಳು ಷೆಡ್ಡಿನ ಕಡೆ ತಲೆ ಹಾಕಲಿಲ್ಲ.

ಈಗ ಎಮ್ಮೆಯ ದುಡ್ಡು ಬೆಳ್ಳಪ್ಪನ ಸೊಂಟದಲ್ಲಿತ್ತು. ಎದುರಿನ ಅಂಗಡಿಯಲ್ಲಿ ಸೀತಾರಾಮಪ್ಪ ಟೀ ಕುಡಿದು ಎದ್ದ. "ಹುಷಾರಾಗಿ ನೋಡ್ಕಳಿ. ಸಂಜೆ ಬಂದು ವ್ಯವಹಾರ ಮುಗಿಸ್ಕಂಡು ಹೋಗ್ತೀನಿ" ಎಂದು ನೀಲಿ ಟ್ಯಾಂಕಿಯನ್ನು ಒಮ್ಮೆ ತಟ್ಟಿ ಹೊರಟ.

ಅವನು ತಿರುವು ದಾಟಿದ್ದೇ ತಡ, ಬೆಳ್ಳಪ್ಪ ಅಂಗಡಿಯೊಳಗಿದ್ದ.

"ನಂಗೊಂದು ಕಂಪ್ರೆಸರ್ ಬೇಕು ಸಾವ್ಕಾರ್ರೇ. ಮನೆ ಷೆಡ್ಡಿಗೆ."

ಅಂಗಡಿಯ ಶಾಂತಿಪ್ರಸಾದರು ಮೂಲೆಯಲ್ಲಿದ್ದ ಸಣ್ಣ ಹಸಿರು ಮಿಷನ್ ತೋರಿಸಿದರು. "ಇದು ಸಾಕು ನಿಮಗೆ. ಹೊಸದು. ಕಂಪನಿ ಗ್ಯಾರಂಟಿ ಉಂಟು."

"ಆ ನೀಲಿದು?"

"ಅದು ಕೈ ಬದಲಾದ ಮಾಲು. ಬಣ್ಣ ನಾವೇ ಹೊಡ್ಸಿದ್ದು. ಈಗ ಕರೆಂಟ್ ಇಲ್ಲ, ಸಂಜೆ ಓಡ್ಸಿ ತೋರಿಸ್ತೀನಿ. ನೋಡಿ, ಕೇಳಿ, ಆಮೇಲೆ ಯೋಚ್ನೆ ಮಾಡಿ."

ಸಂಜೆ! ಸಂಜೆಗೆ ಸೀತಾರಾಮಪ್ಪ ಬಂದುಬಿಡುತ್ತಾನೆ.

"ಓಡ್ಸೋದೂ ಬೇಡ, ತೋರ್ಸೋದೂ ಬೇಡ. ಲಾರಿಗೆ ಹಾಕ್ಸಿ."

"ಅಲ್ಲ ಮಾರಾಯ್ರೇ, ಯಾರ ಕೈಯಿಂದ ಬಂದದ್ದು ಅಂತಾದ್ರೂ ಕೇಳಿ."

"ಯಾರದ್ದಾದ್ರೆ ನಂಗೇನು? ಇವತ್ತಿಂದ ನಂದು."

ಶಾಂತಿಪ್ರಸಾದರು ದುಡ್ಡು ಎಣಿಸಿಕೊಂಡು ಹಮಾಲರನ್ನು ಕೂಗಿದರು.

ಮರುದಿನ ಸೀತಾರಾಮಪ್ಪ ಬಸ್ಸಿನ ಟಾಪಿನಿಂದ ಮಿಷನ್ ಇಳಿಸಿಕೊಂಡ. ಅದೇ ಸಣ್ಣ ಹಸಿರು. ಷೆಡ್ಡಿನಲ್ಲಿ ನಿಂತು ನೋಡುತ್ತಿದ್ದ ಬೆಳ್ಳಪ್ಪನಿಗೆ ಕುಣಿಯುವಷ್ಟು ಖುಷಿ. ತಾನು ಬಿಟ್ಟದ್ದನ್ನು ಇವನು ಹೊತ್ತು ತಂದ!

ಸೀತಾರಾಮಪ್ಪನ ಕಣ್ಣು ಬೆಳ್ಳಪ್ಪನ ಷೆಡ್ಡಿನತ್ತ ಹೊರಳಿತು. ನೀಲಿ ಟ್ಯಾಂಕಿಯ ಮೇಲೆ ನೆಟ್ಟಿತು. ಮುಖದ ಬಣ್ಣ ಇಳಿದುಹೋಯಿತು. ರಸ್ತೆ ದಾಟಿ ಬಂದು ನಿಂತ.

"ಬೆಳ್ಳಪ್ಪ, ನನ್ನನ್ನ ಒಂದ್ ಮಾತು ಕೇಳಿದ್ರೆ..."

"ನಿನ್ನ ಕೇಳೋ ಕಾಲ ಮುಗೀತು ಸೀತಾರಾಮಣ್ಣ. ಹೊಟ್ಟೆ ಉರೀತದಾ? ಉರೀಲಿ. ನಂದೂ ಬಾಳ ದಿನ ಉರ್ದದೆ."

ಸೀತಾರಾಮಪ್ಪ ತಲೆ ತಗ್ಗಿಸಿ ಹೊರಟುಹೋದ. ಬೆಳ್ಳಪ್ಪ ಎಷ್ಟೋ ಕಾಲದ ಮೇಲೆ ಆ ದಿನ ಎರಡು ತುತ್ತು ಹೆಚ್ಚಿಗೆ ಉಂಡ. ಮಕ್ಕಳು ಬರಿಯ ಗಂಜಿ ಕುಡಿದು ಎದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ನಾಳೆ ಬರುತ್ತೇನೆಂದಿದ್ದ ಲೈನ್‌ಮನ್ ಗೋಪಾಲಪ್ಪ ಬಿಡುವಾಯಿತೆಂದು ಅಂದೇ ಊಟದ ಹೊತ್ತು ಕಳೆಯುತ್ತಲೇ ಬಂದು, ವಯರ್ ಎಳೆದು ಜೋಡಿಸಿ ಹೋದ. ಜಲಜಮ್ಮನಿಗೆ ಇದು ಗೊತ್ತಿರಲಿಲ್ಲ. ಅವಳು ಹಿತ್ತಿಲ ಬಾವಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು.

ಬೆಳ್ಳಪ್ಪ ಮಿಷನ್ನಿಗೆ ಕುಂಕುಮ ಇಟ್ಟ. ಕೈಮುಗಿದ. ಸ್ವಿಚ್ ಅದುಮಿ, ತನ್ನದೇ ಮಿಷನ್ನಿನ ಸದ್ದನ್ನು ಮೊದಲ ಸಲ ಕೇಳಲೆಂದು ಕಣ್ಣು ಮುಚ್ಚಿದ.

ಮಿಷನ್ ಮೈ ಕೊಡವಿ ಎದ್ದು ಓಡತೊಡಗಿತು.

"ಏನ್ರೀ," ಹಿತ್ತಿಲಿನಿಂದ ಜಲಜಮ್ಮ ಕೂಗಿದಳು, "ಹೊಸದು ತಂದ್ಮೇಲೂ ಸೀತಾರಾಮಣ್ಣ ಆ ಬಿಕ್ಕಳಿಕೆ ಮಿಷನ್ನನ್ನೇ ಓಡಿಸ್ತಿದಾರಲ್ರೀ!"