ಮಾರ್ಚ್‌ನಲ್ಲಿ ಬರುವ ಪುಸ್ತಕ

ಮಾರ್ಲಿಸ್ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವಳೇ, ಬೂಟಿನ ಹಿಮವನ್ನೂ ಕೊಡವದೆ, ಎದುರಿನ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಇಪ್ಪತ್ತೆಂಟು ವರ್ಷ ಶಾಲೆಯ ಬಸ್ಸು ಓಡಿಸಿದ ಮೈಕಟ್ಟು. ಗೋಡೆಗೆ ಅಂಟಿಸಿದ್ದ ದೊಡ್ಡ ಕಾಗದ ಪೂರ್ತಿ ಮುಚ್ಚಿಹೋಯಿತು.

"ಡ್ವೇನ್, ಇದನ್ನ ಈಗಲೇ ಕಿತ್ತು ಬಿಸಾಕು."

"ಮೊನ್ನೆ ತಾನೇ ಬಂದಿದೆ ಕಣೇ! ಮುಂದಿನ ಆರು ತಿಂಗಳಲ್ಲಿ ಬರೋ ಪುಸ್ತಕಗಳ ಪಟ್ಟಿ. ಅದನ್ನ ನೋಡೋಕೆ ಅಂತಲೇ ನನ್ನ ಅಂಗಡಿಗೆ ಜನ ಬರೋದು" ಎಂದ ಅಂಗಡಿಯ ಡ್ವೇನ್.

"ಮಾರ್ಚ್ ಪುಸ್ತಕದ ಚಿತ್ರ ನೋಡಿದ್ಯಾ?"

ಡ್ವೇನ್ ನೋಡಿದ್ದ. ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ಕಾಯುವ ನಗುಮುಖದ ಮುದುಕ, ಕೈಯಲ್ಲಿ ವಿಷದ ಸೀಸೆ. ಕೆಳಗೆ ದಪ್ಪಕ್ಷರದಲ್ಲಿ, 'ನೀವು ನಂಬಿದವನೇ ದ್ರೋಹಿ!'

ಅದು ಓದಿ ಪಕ್ಕಕ್ಕಿಡುವ ಪುಸ್ತಕವಲ್ಲ, ಆಡುವ ಪುಸ್ತಕ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಎಲ್ಲರೂ ಸೇರಿ ಕಟ್ಟುವ ಕಥೆ. ಪ್ರತಿ ಶನಿವಾರ ಮಧ್ಯಾಹ್ನ ತನ್ನ ಮನೆಯಲ್ಲಿ ಆ ಕಥೆ ನಡೆಸುವವಳು ಮಾರ್ಲಿಸ್. ಅಚ್ಚಾಗುವ ಮೊದಲು ಆಡಿಸಿ ನೋಡಿ ಎಂದು ಪ್ರಕಾಶಕರು ಅವಳಿಗೆ ಹಸ್ತಪ್ರತಿ ಕಳಿಸಿ, ಯಾರಿಗೂ ಹೇಳಬೇಡಿ ಎಂದು ರುಜು ಹಾಕಿಸಿಕೊಂಡಿದ್ದರು. ಎಂಟು ತಿಂಗಳು ಆ ಗುಟ್ಟನ್ನು ಅವಳು ಗಂಡನಿಗೂ ಬಿಟ್ಟುಕೊಟ್ಟಿರಲಿಲ್ಲ. ಈಗ ಆ ಪುಣ್ಯಾತ್ಮರೇ ಊರಿಗೆಲ್ಲ ಡಂಗುರ ಹೊಡೆದಿದ್ದರು.

"ಆರ್ವಿಡ್ ಬಂದಿದ್ನಾ?" ಎಂದು ಕೇಳಿದಳು. ಅವಳು ಬಂದದ್ದೇ ಅದನ್ನು ಕೇಳುವುದಕ್ಕೆ.

ಡ್ವೇನ್ ಗಡ್ಡ ಕೆರೆದುಕೊಂಡ. "ಬುಧವಾರ ನಾನು ಬೀಗ ತೆಗೆಯೋ ಮುಂಚೆನೇ ನಿಂತಿದ್ದ. ಪಟ್ಟಿ ಬಂತು ಅಂದ್ರೆ ಅವನೇ ಮೊದಲು, ನಿನಗೆ ಗೊತ್ತಲ್ಲ. ಓದಿದ. ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಓದಿದ. ಏನೂ ತಗೊಳ್ಳದೆ ಹೋದ."

ಮಾರ್ಲಿಸಳ ಬೆನ್ನು ಗೋಡೆಯಿಂದ ತಾನಾಗಿ ಸರಿಯಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆರ್ವಿಡ್ ಚೀಸ್ ಕಾರ್ಖಾನೆಯಿಂದ ನಿವೃತ್ತನಾದವನು, ಮಾತು ಕಡಿಮೆ. ಆಟದಲ್ಲಿ ಅವನು ಬ್ರಾಗ್ ಎಂಬ ಕುಳ್ಳ, ಹನ್ನೊಂದು ವರ್ಷದಿಂದ ಅದೇ ಕುಳ್ಳ. ಆರ್ವಿಡ್‌ನಂತೆ ಆ ಕುಳ್ಳನೂ ಯಾರ ಜೊತೆಯೂ ಬೆರೆಯುವವನಲ್ಲ. ಆದರೆ ಈ ಕಥೆಗೆ ಬಂದ ಮೇಲೆ ದೀಪದ ಮುದುಕನೆಂದರೆ ಅವನಿಗೆ ಪ್ರಾಣ. ಪ್ರತಿ ಶನಿವಾರ ಕಾಳಗಕ್ಕೆ ಮೊದಲು ಸ್ತಂಭ ಹತ್ತಿ ಮುದುಕನ ಜೊತೆ ಹರಟೆಗೆ ಕೂರಲೇಬೇಕು. "ಅಲ್ಲಿ ರಾಕ್ಷಸ ಕಾದು ಕಾದು ನಿದ್ದೆ ಹೋದ, ಬನ್ರಪ್ಪಾ" ಎಂದು ಉಳಿದ ಮೂವರು ರೇಗಿಸುತ್ತಿದ್ದರು. ನಾಳೆ ಶನಿವಾರದ ಆಟದಲ್ಲಿ ಆ ಮುದುಕ ಬ್ರಾಗ್‌ನಿಗೆ ವಿಷದ ಚಹಾ ಕೊಡಬೇಕು, ಪುಸ್ತಕದಲ್ಲಿ ಹಾಗೆಯೇ ಇದೆ. ಪಾತ್ರ ಸತ್ತರೆ ಅದರ ವಿವರವೆಲ್ಲ ಬರೆದಿಟ್ಟ ಹಾಳೆಯನ್ನು ಎಲ್ಲರೆದುರು ಹರಿಯುವುದು ಆ ಮೇಜಿನ ಕಟ್ಟುನಿಟ್ಟು. ಗುಟ್ಟು ಹೋಯಿತಲ್ಲ ಎಂದು ಮಾರ್ಲಿಸಳಿಗೆ ಅಳುವೇ ಬಂತು. ಆರ್ವಿಡ್ ಇನ್ನು ಆ ಚಹಾ ಮುಟ್ಟುವುದಿಲ್ಲ, ಬ್ರಾಗ್ ಬದುಕಿಕೊಂಡನಲ್ಲ ಎಂದು ಒಳಗೊಳಗೇ ಸಮಾಧಾನವೂ ಆಯಿತು.

ಶನಿವಾರ ಆರ್ವಿಡ್ ಎಂದಿನಂತೆ ಹುರಿದ ಚೀಸ್ ತುಂಬಿದ ಪೊಟ್ಟಣ ಹಿಡಿದು ಬಂದ. ಪಟ್ಟಿಯ ಸುದ್ದಿ ಎತ್ತಲಿಲ್ಲ. ಉಳಿದವರೂ ಎತ್ತಲಿಲ್ಲ, ಅಷ್ಟರಲ್ಲಿ ಎಲ್ಲರೂ ನೋಡಿ ಆಗಿತ್ತು. ಬ್ರಾಗ್ ಸ್ತಂಭದ ಮೆಟ್ಟಿಲು ಹತ್ತಿದ. ಮಾರ್ಲಿಸ್ ಮುದುಕನ ದನಿ ಮಾಡಿ, "ಬಾರೋ ಬ್ರಾಗ್, ನಿನಗೋಸ್ಕರ ಚಹಾ ಕಾಯಿಸಿದೀನಿ" ಎಂದಳು. ಮೂವರೂ ತಿನ್ನುವುದು ನಿಲ್ಲಿಸಿದರು. ಬೇಡ ಅಂದರೆ ಸಾಕಿತ್ತು, ಯಾರೂ ಅವನನ್ನು ತಪ್ಪು ತಿಳಿಯುತ್ತಿರಲಿಲ್ಲ.

"ಬ್ರಾಗ್ ಬಟ್ಟಲು ತಗೋತಾನೆ" ಎಂದ ಆರ್ವಿಡ್.

ಮಾರ್ಲಿಸ್ ಮುದುಕನ ದನಿ ಬಿಟ್ಟಳು. "ಆರ್ವಿಡ್, ನೀನು ಪಟ್ಟಿ ನೋಡಿದೀಯ. ಡ್ವೇನ್ ಹೇಳಿದ."

"ನಾನು ನೋಡಿದೀನಿ. ಬ್ರಾಗ್ ಎಲ್ಲಿ ನೋಡಿದ? ಅವನು ಡ್ವೇನ್ ಅಂಗಡಿಗೆ ಯಾವತ್ತು ಹೋಗಿದ್ದ?"

"ತಮಾಷೆ ಬೇಡ ಕಣೋ. ಇಪ್ಪತ್ತು ಮುಖದ ದಾಳದಲ್ಲಿ ಹದಿನೆಂಟಾದ್ರೂ ಬೀಳದಿದ್ರೆ ಸತ್ತೇಹೋಗ್ತಾನೆ. ಹನ್ನೊಂದು ವರ್ಷದ ಹಾಳೆ ಅದು!"

"ಅದನ್ನ ನೀನು ಹೇಳಬಾರದು, ನಾನು ಕೇಳಿಸ್ಕೋಬಾರದು. ಗೆಳೆಯ ಚಹಾ ಕೊಟ್ರೆ ಬ್ರಾಗ್ ಬೇಡ ಅನ್ನಲ್ಲ. ನನಗೆ ಗೊತ್ತಾಗಿದೆ ಅಂತ ಅವನ್ಯಾಕೆ ಬದಲಾಗಬೇಕು? ಎಂಟು ತಿಂಗಳು ಹೊಟ್ಟೇಲಿ ಇಟ್ಕೊಂಡಿದ್ದೀಯ, ಸರಿಯಾಗಿ ಆಡಿಸೇ ಮಾರಾಯ್ತಿ."

ಮಾರ್ಲಿಸ್ ಹಸ್ತಪ್ರತಿ ಎತ್ತಿಕೊಂಡಳು. ಹಿಮಗಟ್ಟಿದ ಇಳಿಜಾರಿನಲ್ಲಿ ನಲವತ್ತು ಮಕ್ಕಳಿದ್ದ ಬಸ್ಸನ್ನು ಅಲುಗದಂತೆ ಇಳಿಸಿದ ಕೈ. ಈಗ ಅದರಲ್ಲಿದ್ದ ಕಾಗದ ಪಟಪಟ ಅನ್ನುತ್ತಿತ್ತು. ಮತ್ತೆ ಮುದುಕನ ದನಿ ಮಾಡಿದಳು.

"ತಗೋ ಬ್ರಾಗ್... ಬಿಸಿ ಇದೆ, ನಿಧಾನ."

ಆರ್ವಿಡ್ ಆ ಕೈಯನ್ನೇ ನೋಡಿದ. ನಂತರ ಕುಳ್ಳನ ಗೊಗ್ಗರು ದನಿಯಲ್ಲಿ ಕೇಳಿದ: "ಏನೋ ಮುದುಕಾ, ಕೈ ಹಿಂಗೆ ನಡುಗ್ತಿದೆ? ಚಳಿನಾ?"

ಮಾರ್ಲಿಸ್ ಹಸ್ತಪ್ರತಿಯನ್ನು ಮೇಜಿನ ಮೇಲಿಟ್ಟಳು.

"ಬ್ರಾಗ್ ತನ್ನ ಕಂಬಳಿ ಬಿಚ್ಚಿ ಅವನಿಗೆ ಹೊದಿಸ್ತಾನೆ. ಆಮೇಲೆ ಕುಡೀತಾನೆ" ಎಂದು ಆರ್ವಿಡ್ ದಾಳ ಕೈಗೆತ್ತಿಕೊಂಡ.