ಬೈಗುಳ ಸಮೇತ ಕ್ಲಿನಿಕ್

"ಅಷ್ಟೇನಾ? ಬೈಯಲ್ವಾ?" ಚಾಚಿದ್ದ ನಾಲಿಗೆ ಒಳಗೆಳೆದುಕೊಂಡು ಅಜ್ಜಿ ಕೇಳಿದಳು.

ಡಾಕ್ಟರಮ್ಮನ ಪೆನ್ನು ನಿಂತಿತು. ಹೊಸ ಕ್ಲಿನಿಕ್ ತೆರೆದು ಆರು ತಿಂಗಳು ಬರೀ ನೊಣಗಳ ಆರೋಗ್ಯ ವಿಚಾರಿಸಿ ಸುಸ್ತಾದವಳು, ಮೂಲೆಯಲ್ಲಿ ಕೂತಿದ್ದ ಮುದುಕ ಡಾಕ್ಟರ ಹಳೇ ಕ್ಲಿನಿಕ್ಕನ್ನು ರೋಗಿಗಳ ಸಮೇತ ಕೊಳ್ಳಲು ಬಂದಿದ್ದಳು. ಸಹಿಗೆ ಮುಂಚೆ ಒಂದು ದಿನ ಕೂತು ನೋಡೋಣವೆಂದರೆ, ಅವಳ ನಯವಾದ ಮಾತಿಗೆ ಹೆದರಿ ಬೆಳಗಿನಿಂದ ಒಂಬತ್ತು ಜನ ಎದ್ದುಹೋಗಿದ್ದರು.

"ನಲವತ್ತು ವರ್ಷದಿಂದ ಈ ಡಾಕ್ಟ್ರ ಹತ್ರ ಬೈಸ್ಕೊಂಡೇ ವಾಸಿಯಾಗಿರೋದು ತಾಯಿ. ಬರೀ ಮಾತ್ರೆ ನಂಗೆ ಹಿಡಿಯಲ್ಲ," ಎಂದು ಅಜ್ಜಿಯೂ ಎದ್ದಳು.

ಡಾಕ್ಟರಮ್ಮನಿಗೆ ಸಾಕಾಗಿಹೋಯಿತು. "ಕೂತ್ಕೋ ಅಜ್ಜಿ! ಶುಗರ್ ಇಟ್ಕೊಂಡು ಸಕ್ಕರೆ ಮುಕ್ಕಿ ಬಂದಿದೀಯ, ನಾಲಿಗೆ ಮೇಲೆ ಇನ್ನೂ ಹೊಳೀತಿದೆ! ಆ ನಾಲಿಗೆ ಕಿತ್ತು ಬೀರುನಲ್ಲಿಟ್ಟು ಬೀಗ ಹಾಕ್ತೀನಿ!"

ಅಜ್ಜಿ ಕೂತಳು. ಮುಖಕ್ಕೆ ಕಳೆ ಬಂತು. "ಹ್ಞಾಂ, ಈಗ ಸ್ವಲ್ಪ ವಾಸಿ." ಎದ್ದುಹೋಗಿ ಹೊರಗೆ ಜಗಲಿಯಲ್ಲಿ ಕೂತಿದ್ದ ಒಂಬತ್ತೂ ಜನ ಬಾಗಿಲಲ್ಲಿ ಇಣುಕಿದರು.

ಮೂಲೆಯಲ್ಲಿದ್ದ ಮುದುಕ ಡಾಕ್ಟರು ಕ್ರಯಪತ್ರವನ್ನು ಅವಳತ್ತ ಸರಿಸಿದರು. "ಸಹಿ ಹಾಕಮ್ಮ. ಗಂಟಲಿಗೆ ಬಿಸಿನೀರು ಇಟ್ಕೋ."